ಸಹಾಯ ಬೇಕು: ಸಿಒಪಿಡಿ (ಉಸಿರಾಟ ಕಷ್ಟವಾಗಿಸುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇರುವ ತಾಯಿಗೆ ವಿಡಿಯೊ ಮೂಲಕ ನಿಯಮಿತ ವೈದ್ಯಕೀಯ ನಿಗಾ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿರುವ ನನ್ನ ತಾಯಿಗೆ 68 ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ; ಆದರೆ ನಾಲ್ಕು ದಶಕಗಳ ಕಾಲ ಸೌದೆ ಒಲೆಯ ಮುಂದೆ ಕುಳಿತು, ಅಡಿಕೆ ಬೇಯಿಸುವ ದಿನಗಳಲ್ಲಿ ಹೊಗೆ ಕುಡಿದು, ಈಗ ಸಿಒಪಿಡಿಯಿಂದ ಬಳಲುತ್ತಿದ್ದಾರೆ. ಶ್ವಾಸಕೋಶ ತಜ್ಞರನ್ನು ಕಾಣಲು ಶಿವಮೊಗ್ಗಕ್ಕೆ ಹೋಗಿಬರುವ ಪ್ರಯಾಣವೇ ಅವರನ್ನು ಎರಡು ದಿನ ಮಲಗಿಸುತ್ತದೆ.

ಸರ್ಕಾರದ ಆನ್‌ಲೈನ್ ವೈದ್ಯಕೀಯ ಸೇವೆಯಾದ ಇ-ಸಂಜೀವನಿಯ ಮೂಲಕ 2020ರಿಂದ ಮನೆಯಲ್ಲಿದ್ದುಕೊಂಡೇ ಉಚಿತವಾಗಿ ವೈದ್ಯರ ಸಲಹೆ ಪಡೆಯಬಹುದೆಂದು ತಿಳಿದಿದೆ. ನಮಗೆ ಬೇಕಿರುವುದು ಅವರ ಸ್ಪೈರೊಮೆಟ್ರಿ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ವರದಿಯನ್ನು ಬಲ್ಲ ಒಬ್ಬರೇ ತಜ್ಞರು ತಿಂಗಳಿಗೊಮ್ಮೆಯಾದರೂ ವಿಡಿಯೊದಲ್ಲಿ ನೋಡುವ ವ್ಯವಸ್ಥೆ. ಅಂಥ ಸೇವೆಯನ್ನು ಬಳಸಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಹೆಚ್ಚಿನ ಚಿಂತೆ ಇನ್‌ಹೇಲರ್‌ನದು. ಅಮ್ಮ ಅದನ್ನು ಒತ್ತಿದ ಮೇಲೆ ತಡವಾಗಿ ಉಸಿರೆಳೆಯುವುದರಿಂದ ಔಷಧ ಬಾಯಲ್ಲೇ ಉಳಿಯುತ್ತದೆ; ಸ್ಪೇಸರ್ (ಔಷಧವನ್ನು ಹಿಡಿದಿಟ್ಟು ನಿಧಾನವಾಗಿ ಉಸಿರೆಳೆಯಲು ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಕೊಡಿಸಿದ್ದೇನೆ, ಆದರೂ ಬೆಂಗಳೂರಿನಿಂದ ಫೋನಿನಲ್ಲಿ ನಾನು ಹೇಳಿಕೊಡುವುದು ಸಾಲದು. ಇದನ್ನೂ ತುಟಿ ಕಿರಿದುಮಾಡಿ ಉಸಿರು ಬಿಡುವ ವ್ಯಾಯಾಮವನ್ನೂ ವಿಡಿಯೊದಲ್ಲಿ ಕನ್ನಡದಲ್ಲೇ ಕಲಿಸುವ ಫಿಸಿಯೊಥೆರಪಿಸ್ಟ್ ಇದ್ದಾರೆಯೇ?

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್‌ನ ಅಂಕಿಯನ್ನು ನನ್ನ ತಮ್ಮ ದಿನವೂ ಬರೆದಿಡುತ್ತಾನೆ. ಏದುಸಿರು ಹೆಚ್ಚಿದರೆ, ಕಫದ ಬಣ್ಣ ಬದಲಾದರೆ ಅಥವಾ ಮಂಪರು ಕವಿದರೆ ವಿಡಿಯೊಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಲು ಅವನಿಗೆ ಹೇಳಿದ್ದೇನೆ. ಊರಿನಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗುವುದೇ ಕಷ್ಟ. ಬರೀ ಫೋನ್ ಕರೆಯಲ್ಲೂ ನಿಗಾ ಇಡುವ ವೈದ್ಯರಿದ್ದರೆ ಅದನ್ನೂ ತಿಳಿಸಬೇಕೆಂದು ಕೋರುತ್ತೇನೆ.