ಸಹಾಯ ಬೇಕು: ಟೈಲ್ಸ್ ಹಾಕುವವರ ಮಂಡಿ ನೋವಿಗೆ ಏನು ಮಾಡಬಹುದು?

ನಮ್ಮಣ್ಣ ಟೈಲ್ಸ್ ಹಾಕುವ ಕೆಲಸ ಮಾಡ್ತಾನೆ. ದಿನವಿಡೀ ಮಂಡಿಯೂರಿ, ಸೊಂಟ ಬಗ್ಗಿಸಿಯೇ ಕೆಲಸ. ಈಗ ಬಲಮಂಡಿ ಚಿಪ್ಪಿನ ಮೇಲೆ ಮೆತ್ತನೆ ಊತ ಬಂದಿದೆ, ಒತ್ತಿದರೆ ಒಳಗೆ ನೀರು ತುಂಬಿದ ಹಾಗಿದೆ. ಡಾಕ್ಟರು ಬರ್ಸೈಟಿಸ್ (ಕೀಲಿನ ಬಳಿ ಇರುವ ದ್ರವದ ಚೀಲ ಊದಿಕೊಳ್ಳೋದು) ಅಂದರು. ಊತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಸೋಂಕಿರಬಹುದು, ತಕ್ಷಣ ಬನ್ನಿ ಅಂತಲೂ ಹೇಳಿದ್ದಾರೆ. ಸದ್ಯ ಮಂಡಿ ಊರಲೇಬಾರದಂತೆ. ರಜೆ ಹಾಕಿಸಿದ್ದೇವೆ, ಆದರೆ ಎಷ್ಟು ದಿನ ಅಂತ ಮನೆಯಲ್ಲಿ ಕೂರೋದು?

ಈ ಕೆಲಸ ಮಾಡುವವರು ದಯವಿಟ್ಟು ಹೇಳಿ. ಮಂಡಿಗೆ ಕಟ್ಟುವ ನೀ ಪ್ಯಾಡ್‌ನಲ್ಲಿ ಜೆಲ್ ಒಳ್ಳೆಯದಾ, ದಪ್ಪ ಫೋಮಾ? ಪಟ್ಟಿ ಮಂಡಿ ಹಿಂದೆ ಬಿಗಿಯುತ್ತೆ ಅಂತ ಅವನು ಹಾಕೋದೇ ಇಲ್ಲ. ಪ್ಯಾಂಟಿನೊಳಗೇ ಪ್ಯಾಡ್ ಸೇರಿಸುವಂಥದ್ದು ಯಾರಾದರೂ ಬಳಸಿದ್ದೀರಾ? ದೊಡ್ಡ ಟೈಲ್ಸ್ ಎತ್ತಲು ಸಕ್ಷನ್ ಕಪ್ (ಟೈಲ್ಸ್ ಮೇಲೆ ಗಾಳಿ ಎಳೆದು ಅಂಟಿಕೊಳ್ಳುವ ಹಿಡಿಕೆ) ಹಿಡಿದರೆ ಸೊಂಟಕ್ಕೆ ನಿಜವಾಗಲೂ ಆರಾಮಾ?