ವಾಕಿಂಗ್ ಎರಡನೇ ವಾರ ದಾಟಿಸಿದವರು ಯಾರಾದರೂ ಇದ್ದೀರಾ?

ಕೇಳಿದ್ದು: ವಿದ್ಯಾನಗರ, ದಾವಣಗೆರೆ

ನನಗೆ 46. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೀರಿ, ದಿನಾ ನಡೆಯಿರಿ ಅಂದರು ಡಾಕ್ಟರು. ಕುಂದವಾಡ ಕೆರೆ ಏರಿ ಮೇಲೆ ಹನ್ನೊಂದು ದಿನ ನಡೆದೆ. ಹನ್ನೆರಡನೇ ದಿನ ಭಾನುವಾರ. ಶೂ ಹಾಕಿಕೊಂಡು ಕೆರೆಗೆ ಅಂತ ಹೊರಟವನು ಬೆಣ್ಣೆ ದೋಸೆ ಹೋಟೆಲಿನ ಮುಂದೆ ನಿಂತಿದ್ದೆ. ಆಮೇಲೆ ಏರಿ ಕಡೆ ತಲೆ ಹಾಕಿಲ್ಲ.

ಮನೆಯವರ ಕಾಟ ಬೇರೆ. ರಾತ್ರಿ ಊಟಕ್ಕೆ ಕೂತರೆ ಟಿವಿಯಲ್ಲಿ ಕಾಡುಪ್ರಾಣಿಗಳ ಡಾಕ್ಯುಮೆಂಟರಿ ಇರಲೇಬೇಕು. 'ವೈಲ್ಡ್ ಕರ್ನಾಟಕ'ವನ್ನು ಕನ್ನಡದಲ್ಲಿ, ರಿಷಬ್ ಶೆಟ್ಟಿ ದನಿಯಲ್ಲಿ ನೋಡಿದಾಗಿನಿಂದ ಮಗಳು ಅದೇ ಧಾಟಿಯನ್ನು ನನ್ನ ಮೇಲೆ ಪ್ರಯೋಗ ಮಾಡುತ್ತಿದ್ದಾಳೆ. ಲೇಸ್ ಕಟ್ಟಲು ಬಗ್ಗಿದರೆ ಸಾಕು. "ಹೊಟ್ಟೆ ಅಡ್ಡ ಬಂದರೂ ಈ ಗಂಡು ಪ್ರಾಣಿ ಛಲ ಬಿಡುವುದಿಲ್ಲ." ಒಳಗಿನಿಂದ ಹೆಂಡತಿ: "ದೋಸೆ ಕಂಡರೆ ಬಿಡುತ್ತೆ."

ನೀವೆಲ್ಲ ಹೇಗೆ ಮುಂದುವರಿಸಿದಿರಿ? ಮನೆಯವರನ್ನೂ ಎಬ್ಬಿಸಿಕೊಂಡು ಹೋಗೋಕೆ ದಾರಿ ಇದೆಯಾ?

ಹೊಂಡದ ಸರ್ಕಲ್‌ನಿಂದ

ಅಣ್ಣಾ, ಹೆಜ್ಜೆ ಎಣಿಸುವ ವಾಚ್ ಮಾತ್ರ ತಗೋಬೇಡಿ. ನಮ್ಮ ಮನೆಯಲ್ಲಿ ನಾಲ್ಕು ಜನ ಪಂದ್ಯ ಕಟ್ಟಿದೆವು, ದಿನಕ್ಕೆ ಹತ್ತು ಸಾವಿರ ಹೆಜ್ಜೆ. ನಾನು ಮತ್ತು ಇವರು ಸಂಜೆ ಬೆವರು ಸುರಿಸಿ ಬಂದರೂ ಆರೇಳು ಸಾವಿರ. ಅತ್ತೆ ಮನೆ ಬಿಟ್ಟು ಕದಲಲ್ಲ, ಅವರದ್ದು ಬೆಳಗಿನ ಒಂಬತ್ತಕ್ಕೇ ಐದು ಸಾವಿರ! ನಾಲ್ಕು ದಿನ ಅವರೇ ಗೆದ್ದರು. ಐದನೇ ದಿನ ಅಡುಗೆಮನೆಯಲ್ಲಿ ನಿಂತು ಕಣ್ಣಾರೆ ನೋಡಿದೆ. ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಟಪ್ ಟಪ್ ಟಪ್, ಹಿಟ್ಟು ಮೆತ್ತಿದ ವಾಚಿನ ಮೇಲೆ ಅಂಕಿ ಏರುತ್ತಿದೆ. ಅದಕ್ಕೆ ಗೊತ್ತಾಗೋದು ಕೈ ಒಂದೇ ತಾಳದಲ್ಲಿ ಅಲ್ಲಾಡೋದು ಅಷ್ಟೆ, ಕಾಲು ಎಲ್ಲಿದೆ ಅಂತ ಅಲ್ಲ. ಅತ್ತೆಗೆ ಹೇಳಿದರೆ, "ನೀನೂ ಬಡಿ, ಬ್ಯಾಡ ಅಂದೋರು ಯಾರು" ಅಂದರು.

ಆ ಹತ್ತು ಸಾವಿರವೂ ವೈದ್ಯರು ಲೆಕ್ಕ ಹಾಕಿ ಕೊಟ್ಟಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ 'ಹತ್ತು ಸಾವಿರ ಹೆಜ್ಜೆ ಮೀಟರ್'. ಅಲ್ಲಿಂದ ಅಂಟಿಕೊಂಡ ಸಂಖ್ಯೆ ಅದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಬಿರುಸಾಗಿ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಭಾನುವಾರದ ದೋಸೆಗೆ ರಜೆ ಅಲ್ಲೇ ಸಿಕ್ಕಿತಲ್ಲಾ!

ಚಿತ್ರದುರ್ಗದಿಂದ

ಸಪಾಟು ಏರಿ ಮೇಲೆ ನಡೆದರೆ ಬೇಜಾರಾಗದೆ ಇನ್ನೇನಾಗುತ್ತೆ ಸರ್? ನಮ್ಮೂರಿಗೆ ಬನ್ನಿ, ಏಳು ಸುತ್ತಿನ ಕೋಟೆ ಇದೆ. ಭಾನುವಾರ ಮಾವನವರನ್ನೂ ಕರೆದುಕೊಂಡು ಹತ್ತುತ್ತೇವೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅದೇ ಸರಿಯಾದ ವೇಗ ಅಂತಾರಲ್ಲ? ನಮ್ಮ ಮಾವ ದಾರಿಯುದ್ದಕ್ಕೂ ಮದಕರಿ ನಾಯಕನ ಕಥೆ ಹೇಳುತ್ತಲೇ ಹತ್ತುತ್ತಾರೆ. ಹೂಂಗುಟ್ಟೋಕೂ ಉಸಿರು ಸಾಲದವನು ನಾನು.

ಕಳೆದ ಸಲ ಓಬವ್ವನ ಕಿಂಡಿಯಲ್ಲಿ ಮರ್ಯಾದೆ ಹೋಯಿತು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬಂದ ಜಾಗ ಅದು. ನಾನೂ ತೂರಲು ಹೋದೆ. ಅರ್ಧದಲ್ಲಿ ಶರಟಿನ ಗುಂಡಿ ಕಲ್ಲಿಗೆ ಸಿಕ್ಕಿಕೊಂಡಿತು. ಆ ಕಡೆ ಹೆಂಡತಿ ನಿಂತಿದ್ದಳು, ಕೈಯಲ್ಲಿ ಒನಕೆ ಬದಲು ನೀರಿನ ಬಾಟಲಿ. "ನೀವು ಆ ಸೈನ್ಯದಲ್ಲಿ ಮೊದಲನೆಯವರಾಗಿ ಬಂದಿದ್ದರೆ ಓಬವ್ವಗೆ ಕೆಲಸಾನೇ ಇರ್ತಿರಲಿಲ್ಲ ರೀ. ಕಿಂಡಿಗೆ ಬಿರಡೆ ಹಾಕಿದಂಗೆ ಆಗ್ತಿತ್ತು." ಈಗ ತೂಕದ ಯಂತ್ರ ಬಿಟ್ಟಿದ್ದೇನೆ. ಅಳತೆ ಏನಿದ್ದರೂ ಆ ಕಿಂಡಿಯದೇ.

ಪಿ.ಜೆ. ಬಡಾವಣೆಯಿಂದ

ಡಾಕ್ಯುಮೆಂಟರಿ ನೋಡುತ್ತಾ ಊಟ ಮಾಡೋದನ್ನ ಮೊದಲು ನಿಲ್ಲಿಸಿ. ನಮ್ಮಲ್ಲಿ ಚಿರತೆ ಜಿಂಕೆಯನ್ನು ಹಿಡಿಯುವಷ್ಟರಲ್ಲಿ ಒಂದು ಸೇರು ಒಗ್ಗರಣೆ ಮಂಡಕ್ಕಿ, ಜೊತೆಗೆ ಹತ್ತು ಮೆಣಸಿನಕಾಯಿ ಖಾಲಿ. ಚಿರತೆಗೆ ಬೇಟೆ ತಪ್ಪಿದರೂ ನಮಗೆ ತಪ್ಪಿಲ್ಲ. ಸಿಂಹ ದಿನಕ್ಕೆ 20 ಗಂಟೆವರೆಗೂ ಮಲಗಿರುತ್ತೆ ಅನ್ನೋದೊಂದೇ ನಮ್ಮ ಯಜಮಾನರಿಗೆ ತಲೆಯಲ್ಲಿ ಉಳಿದಿರೋದು.

ಜಗಳೂರಿನಿಂದ

ಮಕ್ಕಳನ್ನು ಹೊರಡಿಸೋಕೆ ಡಾಕ್ಯುಮೆಂಟರಿಯೇ ಉಪಾಯ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗೆ ಅಂತಲೇ ಇರುವ ಅಭಯಾರಣ್ಯ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು ಅಂತ ಕೇಳಿದ್ದೇ ತಡ, ಹತ್ತು ಹೆಜ್ಜೆಗೆ ಕಾಲು ನೋವು ಅನ್ನುತ್ತಿದ್ದ ಮಗ ಬೆಳಿಗ್ಗೆ ಐದಕ್ಕೆ ಎದ್ದು ಕೂತ. ಕಾಡಿನ ಒಳಗೆ ಹೋಗಲಿಲ್ಲ, ಅದಕ್ಕೆ ಇಲಾಖೆಯವರನ್ನು ಕೇಳಬೇಕು. ಊರಿನ ಗಾಡಿ ದಾರಿಯಲ್ಲೇ ಎರಡು ಗಂಟೆ ನಡೆದೆವು. ಅದು ಬಲು ನಾಚಿಕೆಯ ಪ್ರಾಣಿ, ಕಾಣಲಿಲ್ಲ. ಎದುರಿಗೆ ಕುರಿ ಹಿಂಡು ಬಂತು. ನಮ್ಮಪ್ಪ ಮೊಮ್ಮಗನಿಗೆ, "ಎರಡು ಕುರಿ ಒಟ್ಟಿಗೆ ನೋಡು, ನಾಲ್ಕು ಕೊಂಬು ಆಯ್ತಲ್ಲ" ಅಂದರು. ಹುಡುಗ ಒಪ್ಪಲಿಲ್ಲ. ಹಾಗಾಗಿ ಮುಂದಿನ ವಾರವೂ ನಡಿಗೆ ಇದೆ.

ಹಳೇ ಪೇಟೆಯಿಂದ

ಜಿಮ್ಮಿಗೆ ವರ್ಷಕ್ಕೆಂದು ಒಂಬತ್ತು ಸಾವಿರ ಕಟ್ಟಿ ಒಂಬತ್ತು ದಿನ ಹೋದವನು ನಾನು. ಗರಡಿ ಮನೆಯಲ್ಲಿ ಸಾಮು ಮಾಡಿ, ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಆಡಿದ ಅಪ್ಪ ಲೆಕ್ಕ ಕೇಳಿ ಒಂದೇ ಮಾತು ಹೇಳಿದರು: "ದಿನಕ್ಕೆ ಸಾವಿರ ನಂಗೇ ಕೊಟ್ಟಿದ್ರೆ ನಾನೇ ಬಸ್ಕಿ ಹೊಡೀತಿದ್ದೆನಲ್ಲೋ."

ಮತ್ತೆ ವಿದ್ಯಾನಗರದಿಂದ

ಏರಿ ಮೇಲಿಂದಲೇ ಬರೆಯುತ್ತಿದ್ದೇನೆ. ಮಗಳೂ ಬಂದಿದ್ದಾಳೆ, ಐವತ್ತು ಹೆಜ್ಜೆ ಮುಂದಿದ್ದಾಳೆ. "ಹಿಂಡಿನಿಂದ ಹಿಂದೆ ಉಳಿದ ಗಂಡು ಪ್ರಾಣಿ ಈಗ ಮೊಬೈಲಿಗೆ ಬಲಿಯಾಗಿದೆ" ಅಂತ ಅಲ್ಲಿಂದಲೇ ಕೂಗುತ್ತಿದ್ದಾಳೆ. ವಾಕಿಂಗ್ ಬಂದವರೆಲ್ಲ ತಿರುಗಿ ನೋಡುತ್ತಿದ್ದಾರೆ. ಹೊಂಡದ ಸರ್ಕಲ್ ಅಕ್ಕಾ, ನಿಮಗೊಂದು ಪ್ರಶ್ನೆ, ನಮ್ಮನೆಯವಳದು. ಚಪಾತಿ ಲಟ್ಟಿಸಿದರೂ ಆ ವಾಚು ಲೆಕ್ಕ ಹಿಡಿಯುತ್ತಾ?

ಹೊಂಡದ ಸರ್ಕಲ್‌ನಿಂದ

ಅತ್ತೆಯನ್ನೇ ಕೇಳಿದೆ. ಚಪಾತಿಗೆ ಅಷ್ಟು ಬೀಳಲ್ಲವಂತೆ. ರೊಟ್ಟಿ ಕಲಿಯೋಕೆ ಹೇಳಿ.