ಮೊರೊ ಬಿಡಿಸಿದ ಸಲೋಮಿ: ಆ ಬಿಳಿ ಗೆರೆ ಅಸಲಿಯಾ?

ಬಿದ್ರಿ ಕೆಲಸದವ, ಬೀದರ್:
ಹೂಜಿ, ತಟ್ಟೆಗಳ ಮೇಲೆ ನಕ್ಷೆ ಕೊರೆಯುವುದು ನನ್ನ ಕೆಲಸ. ಹೊಸ ಬಳ್ಳಿ ಹುಡುಕುವಾಗ ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಮೊರೊ ಅವರ ‘ದಿ ಅಪಾರಿಷನ್’ ಚಿತ್ರ ಸಿಕ್ಕಿತು. ಸಲೋಮಿ ಎಂಬ ಹುಡುಗಿ ಕೈ ಚಾಚಿ ನಿಂತಿದ್ದಾಳೆ, ಎದುರಿಗೆ ಬೈಬಲ್‌ನ ಪ್ರವಾದಿ ಸ್ನಾನಿಕ ಯೋಹಾನನ ಕಡಿದ ತಲೆ ಗಾಳಿಯಲ್ಲಿ ತೇಲುತ್ತಿದೆ. ಒಂದು ಫೋಟೋದಲ್ಲಿ ಕಂಬಗಳ ಮೇಲೆಲ್ಲ ಬೆಳ್ಳಿ ತಂತಿ ಕೂರಿಸಿದ ಹಾಗೆ ಬಿಳಿ ಗೆರೆ. ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಯಾವುದು ಅಸಲಿ?

ಡ್ರಾಯಿಂಗ್ ಮೇಷ್ಟ್ರು, ಕಲಬುರಗಿ:
ಎರಡೂ ಅಸಲಿಯೇ ತಮ್ಮಾ. ಗೆರೆ ಇಲ್ಲದ್ದು ಜಲವರ್ಣ, 1876ರಲ್ಲಿ ಪ್ಯಾರಿಸ್‌ನ ಸಲೋನ್ ಎಂಬ ಕಲಾ ಪ್ರದರ್ಶನಕ್ಕೆ ಇಟ್ಟಿದ್ದು. ಗೆರೆ ಇರುವುದು ತೈಲಚಿತ್ರ. ಅದು ಅವರ ಹತ್ತಿರವೇ ಉಳಿಯಿತು. ಎಷ್ಟೋ ವರ್ಷ ಆದ ಮೇಲೆ ಮೊರೊ ಅದರ ಮೇಲೆ ಆ ಗೆರೆ ಎಳೆದರು. ಅವರ ಮನೆ ಈಗ ಮ್ಯೂಸಿಯಂ, ಚಿತ್ರ ಅಲ್ಲೇ ಇದೆ. ನನಗಂತೂ ಗೆರೆ ಇರುವುದೇ ಜಾಸ್ತಿ ಇಷ್ಟ.

ಓದುಗ, ಯಾದಗಿರಿ:
ಬೈಬಲ್‌ನಲ್ಲಿ ತಲೆ ತೇಲುವುದಿಲ್ಲ, ಹರಿವಾಣದಲ್ಲಿ ತರುತ್ತಾರೆ. ತೇಲಿಸಿದ್ದು ಮೊರೊ ಅವರ ಕಲ್ಪನೆ. ಆ ಹುಡುಗಿಯ ಹೆಸರೂ ಸುವಾರ್ತೆಯಲ್ಲಿಲ್ಲ. ಅಲ್ಲಿ ಅವಳು ಬರೀ ಹೆರೋದ್ಯ ಎಂಬಾಕೆಯ ಮಗಳು. ಆ ಮಗಳ ಹೆಸರು ಸಲೋಮಿ ಅಂತ ಬರೆದವನು ಇತಿಹಾಸಕಾರ ಜೋಸೆಫಸ್.

ಬಿದ್ರಿ ಕೆಲಸದವ:
ಥ್ಯಾಂಕ್ಸ್ ಸರ್. ಮೊರೊ ಯಾರಿಗಾದರೂ ಚಿತ್ರಕಲೆ ಕಲಿಸಿದ್ದರಾ?

ಡ್ರಾಯಿಂಗ್ ಮೇಷ್ಟ್ರು:
ಕಲಿಸಿದ್ದರು. ಚಿತ್ರಕಾರರಾದ ಮಾತಿಸ್, ರುವೋ ಇಬ್ಬರೂ ಅವರ ಶಿಷ್ಯರು. ಆ ಶಿಷ್ಯರ ಚಿತ್ರ ನೋಡಿದರೆ ಗುರು ಮೊರೊ ಅಂತ ನಂಬುವುದೇ ಕಷ್ಟ, ಅಲ್ವಾ?